ಹೊರ ರಾಜ್ಯದ ಟ್ರಸ್ಟ್‌ಗಳು ಕರ್ನಾಟಕದಲ್ಲಿ ವ್ಯವಹಾರನಾಮ ಬಳಸುವ ಬಗ್ಗೆ ಸಾರ್ವಜನಿಕ ಮಾಹಿತಿ

ಬೇರೆ ರಾಜ್ಯಗಳಲ್ಲಿ ನೋಂದಣಿಯಾಗಿರುವ ಧರ್ಮಾರ್ಥ ಟ್ರಸ್ಟ್‌ಗಳು ಕರ್ನಾಟಕದಲ್ಲಿ ಪುಸ್ತಕ ಮಳಿಗೆ, ಮುದ್ರಣಾಲಯ, ಭೋಜನಶಾಲೆ, ಔಷಧ ಅಂಗಡಿ ಮುಂತಾದ ವ್ಯವಹಾರಗಳನ್ನು ನಡೆಸುವುದುಂಟು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳ ಪ್ರದೇಶವು 1956ರ ನವೆಂಬರ್ 1ಕ್ಕೆ ಮೊದಲು ಮುಂಬಯಿ ರಾಜ್ಯದಲ್ಲಿದ್ದ ಕಾರಣ, ಆ ಭಾಗಕ್ಕೂ ಇಂದಿನ ಮಹಾರಾಷ್ಟ್ರದ ಸಂಸ್ಥೆಗಳಿಗೂ ಇರುವ ಸಂಬಂಧ ಹಳೆಯದು. ಇಂತಹ ಟ್ರಸ್ಟ್‌ಗಳ ಪೂರ್ಣ ಹೆಸರು ಸಾಮಾನ್ಯವಾಗಿ ದೀರ್ಘವಾಗಿರುತ್ತದೆ. ಆದುದರಿಂದ ಸ್ಥಳೀಯರ ಬಾಯಲ್ಲಿ ಸುಲಭವಾಗಿ ನಿಲ್ಲುವ ಚಿಕ್ಕ ಹೆಸರೊಂದನ್ನು ಅಂಗಡಿಗೆ ಇಡಲಾಗುತ್ತದೆ. ಈ ಲೇಖನದಲ್ಲಿ ಅದನ್ನು ವ್ಯವಹಾರನಾಮ ಎಂದು ಕರೆಯಲಾಗಿದೆ.

ಸದರಿ ವ್ಯವಹಾರನಾಮವನ್ನು ಯಾವ ಕಚೇರಿಯಲ್ಲಿ ನೋಂದಾಯಿಸಬೇಕು ಎಂಬುದು ಟ್ರಸ್ಟಿಗಳು ಮೊದಲಿಗೆ ಕೇಳುವ ಪ್ರಶ್ನೆ. ಹೆಸರನ್ನು ಮಾತ್ರ ನೋಂದಾಯಿಸುವ ಪ್ರತ್ಯೇಕ ಕಚೇರಿ ನಮ್ಮಲ್ಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಓರೆಗಾನ್, ಇಡಾಹೊ ಮೊದಲಾದ ರಾಜ್ಯಗಳಲ್ಲಿ ಸ್ವಂತ ಹೆಸರಲ್ಲದ ಬೇರೆ ಹೆಸರಿನಿಂದ ವ್ಯವಹರಿಸುವವರು ಆ ಹೆಸರನ್ನು ರಾಜ್ಯ ಕಾರ್ಯದರ್ಶಿಯವರ ಕಚೇರಿಯಲ್ಲಿ ನೋಂದಾಯಿಸತಕ್ಕದ್ದು. ಬ್ರಿಟನ್ನಿನಲ್ಲಿಯೂ 1916ರ ಕಾಯಿದೆಯೊಂದು ಇದೇ ಉದ್ದೇಶಕ್ಕಾಗಿ ದೀರ್ಘಕಾಲ ಜಾರಿಯಲ್ಲಿತ್ತು. ವಿದೇಶದಲ್ಲಿರುವ ಬಂಧುಗಳಿಂದ ಇದನ್ನು ಕೇಳಿ ತಿಳಿದವರು ಇಲ್ಲಿಯೂ ಅಂತಹ ಅರ್ಜಿ ನಮೂನೆಯನ್ನು ಹುಡುಕುತ್ತಾರೆ. ಕರ್ನಾಟಕದಲ್ಲಿ ವ್ಯವಹಾರನಾಮವು ಬೇರೆ ಬೇರೆ ಕಾಯಿದೆಗಳಡಿ ಪಡೆಯುವ ನೋಂದಣಿಗಳಲ್ಲಿ, ಟ್ರಸ್ಟ್‌ನ ಹೆಸರಿನ ಜೊತೆಯಲ್ಲಿ ದಾಖಲಾಗುತ್ತದೆ. ಈ ದಾಖಲೆಗಳೆಲ್ಲವೂ ಒಂದೇ ಹೆಸರನ್ನು ಒಂದೇ ಟ್ರಸ್ಟ್‌ಗೆ ಜೋಡಿಸಿ ತೋರಿಸಬೇಕು. ಜೋಡಣೆ ತಪ್ಪಿದಲ್ಲಿ ಆಗುವ ತೊಂದರೆಯನ್ನು ಟ್ರಸ್ಟಿಗಳು, ಸಾಲಗಾರರು ಮತ್ತು ನೌಕರರು ಒಟ್ಟಾಗಿ ಅನುಭವಿಸಬೇಕಾಗುತ್ತದೆ.

ಫಲಕದ ಹೆಸರಿನ ಹಿಂದಿರುವ ಹೊಣೆಗಾರರು

ಕಂಪನಿ ತನ್ನ ಹೆಸರಿನಲ್ಲೇ ಆಸ್ತಿ ಹೊಂದಬಲ್ಲ, ದಾವೆ ಹೂಡಬಲ್ಲ ಕಾನೂನುಬದ್ಧ ವ್ಯಕ್ತಿ. ಟ್ರಸ್ಟ್ ಹಾಗಲ್ಲ. ಆಸ್ತಿಯು ಟ್ರಸ್ಟಿಗಳಲ್ಲಿ ನಿಹಿತವಾಗಿದ್ದು, ಅವರು ಅದನ್ನು ಟ್ರಸ್ಟ್ ಪತ್ರದಲ್ಲಿ ಹೇಳಿದ ಉದ್ದೇಶಕ್ಕಾಗಿ ನಿರ್ವಹಿಸುತ್ತಾರೆ. ಆದಕಾರಣ ಟ್ರಸ್ಟ್‌ನ ಹೆಸರೇ ಟ್ರಸ್ಟಿಗಳನ್ನು ಒಟ್ಟಾಗಿ ಸೂಚಿಸುವ ಒಂದು ಗುರುತು. ವ್ಯವಹಾರನಾಮವು ಆ ಗುರುತಿನ ಮೇಲೆ ಇಟ್ಟ ಇನ್ನೊಂದು ಗುರುತು. ಕಾಗದ ಪೂರೈಸಿದ ವ್ಯಾಪಾರಿಗೆ ಹಣ ಬಾರದಿದ್ದಾಗ ಅವನು ಈ ಎರಡೂ ಗುರುತುಗಳನ್ನು ದಾಟಿ ಟ್ರಸ್ಟಿಗಳನ್ನು ತಲುಪಬೇಕಾಗುತ್ತದೆ.

ಇದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 30ನೇ ಆದೇಶದ 10ನೇ ನಿಯಮವು ಒಂದು ಮಾರ್ಗವನ್ನು ಒದಗಿಸಿದೆ. ತನ್ನದಲ್ಲದ ಹೆಸರಿನಲ್ಲಿ ವ್ಯವಹಾರ ನಡೆಸುವ ವ್ಯಕ್ತಿಯ ಮೇಲೆ ಆ ಹೆಸರಿನಲ್ಲಿಯೇ, ಅದು ಪಾಲುದಾರಿಕೆ ಸಂಸ್ಥೆಯ ಹೆಸರೋ ಎಂಬಂತೆ, ದಾವೆ ಹೂಡಬಹುದು. ಈ ಅವಕಾಶ ಒಮ್ಮುಖವಾದುದು ಎಂಬುದನ್ನು ಗಮನಿಸಬೇಕು. ಫಲಕದ ಹೆಸರಿನ ಮೇಲೆ ದಾವೆ ಬರಬಹುದಾದರೂ, ಬರಬೇಕಾದ ಬಾಕಿಗಾಗಿ ಅದೇ ಹೆಸರಿನಲ್ಲಿ ದಾವೆ ಹೂಡಲು ಈ ನಿಯಮ ಅವಕಾಶ ನೀಡುವುದಿಲ್ಲ. ಅಂತಹ ದಾವೆಯನ್ನು ಟ್ರಸ್ಟಿಗಳು ತಮ್ಮ ಹೆಸರುಗಳಲ್ಲಿ, ಸದರಿ ಟ್ರಸ್ಟ್‌ನ ಟ್ರಸ್ಟಿಗಳೆಂದು ಹೇಳಿಕೊಂಡು ಹೂಡತಕ್ಕದ್ದು. ಟ್ರಸ್ಟಿಗಳ ದಾವೆಗಳ ಬಗ್ಗೆ 31ನೇ ಆದೇಶದಲ್ಲಿ ಪ್ರತ್ಯೇಕ ನಿಯಮಗಳಿವೆ. ಮೂರು ವರ್ಷಗಳ ಬಿಲ್ಲುಗಳಲ್ಲಿ ಕೇವಲ ಅಂಗಡಿಯ ಹೆಸರಿದ್ದು ಟ್ರಸ್ಟ್‌ನ ಹೆಸರು ಎಲ್ಲಿಯೂ ಇಲ್ಲದಿದ್ದರೆ, ಈ ಬಾಕಿ ತಮಗೆ ಸಲ್ಲತಕ್ಕದ್ದೆಂದು ರುಜುವಾತುಪಡಿಸುವ ಹೊರೆ ಟ್ರಸ್ಟಿಗಳ ಮೇಲೆ ಬೀಳುತ್ತದೆ.

ಚೆಕ್ಕಿನ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. ಟ್ರಸ್ಟ್‌ನ ಪರವಾಗಿ ನೀಡಿದ ಚೆಕ್ಕು ಅಮಾನ್ಯವಾದಾಗ, ಟ್ರಸ್ಟನ್ನು ಆರೋಪಿಯನ್ನಾಗಿ ಮಾಡದೆ ಸಹಿ ಹಾಕಿದ ಟ್ರಸ್ಟಿಯ ಮೇಲೆಯೇ ದೂರು ನಡೆಯಬಲ್ಲದು ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿದೆ. ಟ್ರಸ್ಟ್ ಕಾನೂನುಬದ್ಧ ವ್ಯಕ್ತಿಯಲ್ಲ ಎಂಬುದೇ ಅದರ ಆಧಾರ. ಊರಿನ ಹಿರಿಯರೆಂಬ ಗೌರವದಿಂದ ಟ್ರಸ್ಟಿಯಾಗಲು ಒಪ್ಪಿ, ದೂರದ ಶಾಖೆಯ ಚೆಕ್ಕುಗಳಿಗೆ ವ್ಯವಸ್ಥಾಪಕರು ಹೇಳಿದಂತೆ ಸಹಿ ಹಾಕುವವರು ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಮೂಲ ರಾಜ್ಯದಿಂದ ತರಬೇಕಾದ ದಾಖಲೆಗಳು

ಹೊರ ರಾಜ್ಯದಲ್ಲಿ ನೋಂದಣಿಯಾದ ಟ್ರಸ್ಟ್ ಪತ್ರವನ್ನು, ಇಲ್ಲಿ ಶಾಖೆ ತೆರೆಯುವ ಕಾರಣಕ್ಕಾಗಿ ಮಾತ್ರ, ಕರ್ನಾಟಕದಲ್ಲಿ ಮತ್ತೆ ನೋಂದಾಯಿಸುವ ಅಗತ್ಯವಿಲ್ಲ. ಎರಡನೆಯ ಟ್ರಸ್ಟ್ ಪತ್ರವನ್ನು ಬರೆಸಿದರೆ ಕಾನೂನಿನ ದೃಷ್ಟಿಯಲ್ಲಿ ಎರಡನೆಯ ಟ್ರಸ್ಟೇ ಹುಟ್ಟಿಕೊಂಡು, ಅದಕ್ಕೆ ಬೇರೆ ಪ್ಯಾನ್, ಬೇರೆ ಲೆಕ್ಕ, ಬೇರೆ ಟ್ರಸ್ಟಿಗಳು ಬೇಕಾಗುತ್ತಾರೆ. ಶಾಖೆಯನ್ನು ಮಾತ್ರ ಬಯಸಿದವರು ಈ ದಾರಿಗೆ ಹೋಗಬಾರದು.

ದಾಖಲೆಯ ಸ್ವರೂಪ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುತ್ತದೆ. ಮಹಾರಾಷ್ಟ್ರ ಮತ್ತು ಗುಜರಾತಿನ ಸಾರ್ವಜನಿಕ ಟ್ರಸ್ಟ್‌ಗಳು 1950ರ ಸಾರ್ವಜನಿಕ ಟ್ರಸ್ಟ್‌ಗಳ ಕಾಯಿದೆಯಡಿ ಧರ್ಮಾದಾಯ ಆಯುಕ್ತರ ವ್ಯವಸ್ಥೆಯಲ್ಲಿ ನೋಂದಣಿ ಸಂಖ್ಯೆ ಪಡೆದಿರುತ್ತವೆ. ರಾಜಸ್ಥಾನ ಮತ್ತು ಮಧ್ಯಪ್ರದೇಶಗಳಲ್ಲಿಯೂ ಪ್ರತ್ಯೇಕ ಕಾಯಿದೆಗಳಿವೆ. ತಮಿಳುನಾಡಿನ ಟ್ರಸ್ಟ್ ಆದರೆ, ಕರ್ನಾಟಕದಲ್ಲಿರುವಂತೆ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾದ ಪತ್ರವನ್ನು ಹಾಜರುಪಡಿಸುತ್ತದೆ. ಮಹಾರಾಷ್ಟ್ರದಲ್ಲಿ ಟ್ರಸ್ಟಿಗಳ ಬದಲಾವಣೆಯಾದಲ್ಲಿ 90 ದಿನಗಳೊಳಗೆ ವರದಿ ಸಲ್ಲಿಸಬೇಕೆಂಬ ನಿಯಮವಿದೆ. ಅದನ್ನು ಸಲ್ಲಿಸದೆ ಬಿಟ್ಟಿದ್ದರೆ ಮೂಲ ರಾಜ್ಯದ ನೋಂದಣಿ ಪುಸ್ತಕದಲ್ಲಿ ನಿಧನರಾದವರ ಹೆಸರು ಉಳಿದು, ಇಲ್ಲಿನ ಅರ್ಜಿಗೆ ಸಹಿ ಹಾಕುವವರ ಹೆಸರು ಕಾಣದೇ ಹೋಗುತ್ತದೆ. ಕರ್ನಾಟಕದ ಅರ್ಜಿಗೆ ಮೊದಲು ಅಲ್ಲಿಯ ದಾಖಲೆಯನ್ನು ಸರಿಪಡಿಸಿಕೊಳ್ಳತಕ್ಕದ್ದು.

ಮುಂದಿನದು ಟ್ರಸ್ಟಿಗಳ ನಿರ್ಣಯ. ಅದಕ್ಕೂ ಮುನ್ನ, ಟ್ರಸ್ಟ್ ಪತ್ರವು ಬೇರೆ ರಾಜ್ಯದಲ್ಲಿ ಕಾರ್ಯ ನಡೆಸಲು ಮತ್ತು ಉದ್ದೇಶಿತ ವ್ಯವಹಾರ ಕೈಗೊಳ್ಳಲು ಅವಕಾಶ ನೀಡಿದೆಯೇ ಎಂದು ಓದಿ ನೋಡಬೇಕು. ಕಾರ್ಯಕ್ಷೇತ್ರವನ್ನು ಒಂದು ಜಿಲ್ಲೆಗೆ ಅಥವಾ ಒಂದು ರಾಜ್ಯಕ್ಕೆ ಸೀಮಿತಗೊಳಿಸಿದ ಹಳೆಯ ಪತ್ರಗಳಿರುವ ಸಾಧ್ಯತೆಯುಂಟು. ಪತ್ರದಲ್ಲಿಲ್ಲದ ಅಧಿಕಾರವನ್ನು ನಿರ್ಣಯದಿಂದ ಸೃಷ್ಟಿಸಲಾಗದು. ಟ್ರಸ್ಟ್ ಪತ್ರ ಬೇರೆ ರೀತಿ ಹೇಳದಿದ್ದರೆ ಎಲ್ಲ ಟ್ರಸ್ಟಿಗಳೂ ಕೂಡಿಯೇ ಕಾರ್ಯ ನಿರ್ವಹಿಸಬೇಕೆಂಬುದು ಖಾಸಗಿ ಟ್ರಸ್ಟ್‌ಗಳಿಗೆ ಅನ್ವಯಿಸುವ ಭಾರತೀಯ ಟ್ರಸ್ಟ್‌ಗಳ ಕಾಯಿದೆ, 1882ರ 48ನೇ ಪ್ರಕರಣದ ಆಶಯ. ಸಾರ್ವಜನಿಕ ಟ್ರಸ್ಟ್‌ಗಳೂ ಇದನ್ನೇ ಅನುಸರಿಸುವುದು ಸುರಕ್ಷಿತ. ನಿರ್ಣಯದಲ್ಲಿ ಶಾಖೆಯ ವಿಳಾಸ, ವ್ಯವಹಾರದ ಸ್ವರೂಪ, ವ್ಯವಹಾರನಾಮವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯುವ ನಿಖರ ರೂಪ, ಕರ್ನಾಟಕದಲ್ಲಿ ಸಹಿ ಮಾಡುವ ಅಧಿಕಾರ ಪಡೆದವರ ಹೆಸರು ಮತ್ತು ಆ ಅಧಿಕಾರದ ಮಿತಿ ಇರಬೇಕು. ಈ ಒಂದು ಪುಟವನ್ನು ಸಾವಧಾನವಾಗಿ ಬರೆದಲ್ಲಿ ಮುಂದಿನ ಎಲ್ಲ ಅರ್ಜಿಗಳಿಗೂ ಅದೇ ಆಧಾರವಾಗುತ್ತದೆ.

ಹೆಸರು ದಾಖಲಾಗುವ ಕಚೇರಿಗಳು

ಅಂಗಡಿ ಅಥವಾ ವಾಣಿಜ್ಯ ಸಂಸ್ಥೆಯನ್ನು ಆರಂಭಿಸಿದ 30 ದಿನಗಳೊಳಗೆ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961ರಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿಗೆ ವಿವರ ಸಲ್ಲಿಸಬೇಕು. ಇಲ್ಲಿ ಸಂಸ್ಥೆಯ ಹೆಸರು, ಮಾಲೀಕರ ಹೆಸರು ಮತ್ತು ವ್ಯವಸ್ಥಾಪಕರ ಹೆಸರು ಪ್ರತ್ಯೇಕವಾಗಿರುತ್ತವೆ. ವ್ಯವಹಾರನಾಮವನ್ನು ಸಂಸ್ಥೆಯ ಹೆಸರಿನ ಸ್ಥಳದಲ್ಲಿ ಬರೆದು, ಮಾಲೀಕರ ಸ್ಥಳದಲ್ಲಿ ಟ್ರಸ್ಟ್‌ನ ಪೂರ್ಣ ಹೆಸರನ್ನು ಅದರ ಟ್ರಸ್ಟಿಗಳ ಮೂಲಕ ಎಂದು ನಮೂದಿಸುವುದು ಸರಿಯಾದ ಕ್ರಮ. ಅವಸರದಲ್ಲಿ ವ್ಯವಸ್ಥಾಪಕರ ಹೆಸರನ್ನೇ ಮಾಲೀಕರೆಂದು ಬರೆದುಬಿಟ್ಟರೆ, ಆ ವ್ಯವಸ್ಥಾಪಕರು ಕೆಲಸ ಬಿಟ್ಟ ದಿನ ಅಂಗಡಿ ಯಾರದು ಎಂಬ ತಕರಾರು ಏಳುತ್ತದೆ.

ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಮತ್ತು, ಸಂಬಳದ ನೌಕರರಿದ್ದಲ್ಲಿ, 1976ರ ಕಾಯಿದೆಯಡಿ ವೃತ್ತಿ ತೆರಿಗೆ ನೋಂದಣಿಗೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು.

ಸರಕು ಮತ್ತು ಸೇವಾ ತೆರಿಗೆಯ ನೋಂದಣಿಯನ್ನು ಸ್ವಲ್ಪ ವಿವರವಾಗಿ ನೋಡಬೇಕಾಗಿದೆ. ವ್ಯವಹಾರನಾಮವನ್ನು ಟ್ರಸ್ಟ್‌ಗೆ ಅತ್ಯಂತ ಸ್ಪಷ್ಟವಾಗಿ ಜೋಡಿಸುವ ದಾಖಲೆ ಇದೇ. ಅರ್ಜಿಯ ನಮೂನೆಯಾದ ಆರ್‌ಇಜಿ-01ರಲ್ಲಿ ಕಾನೂನುಬದ್ಧ ಹೆಸರು ಮತ್ತು ವ್ಯಾಪಾರದ ಹೆಸರು ಎಂಬ ಎರಡು ಅಂಕಣಗಳಿವೆ. ಮೊದಲನೆಯದು ಪ್ಯಾನ್‌ನಲ್ಲಿರುವಂತೆಯೇ ಇರುತ್ತದೆ, ಬದಲಿಸಲಾಗದು. ಎರಡನೆಯದು ವ್ಯವಹಾರನಾಮಕ್ಕೆ ಮೀಸಲಾದ ಸ್ಥಳ. ನೋಂದಣಿ ಪ್ರಮಾಣಪತ್ರದಲ್ಲಿ ಎರಡೂ ಹೆಸರುಗಳು ಮುದ್ರಿತವಾಗುತ್ತವೆ. 15 ಅಕ್ಷರಾಂಕಗಳ ನೋಂದಣಿ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತಮಿಳುನಾಡಿಗೆ 33. ಮುಂದಿನ ಹತ್ತು ಸ್ಥಾನಗಳಲ್ಲಿ ಟ್ರಸ್ಟ್‌ನ ಪ್ಯಾನ್ ಇರುತ್ತದೆ. ಹೀಗಾಗಿ ಬಿಲ್ಲಿನ ಮೇಲಿನ ಸಂಖ್ಯೆಯನ್ನು ಓದಬಲ್ಲ ಗ್ರಾಹಕರು, ಅಂಗಡಿಯ ಹೆಸರು ಏನೇ ಇರಲಿ, ಅದರ ಹಿಂದೆ ಯಾರಿದ್ದಾರೆಂದು ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸಬಹುದು.

ನೋಂದಣಿ ಬೇಕೇ ಬೇಡವೇ ಎಂಬುದನ್ನು ಇಲ್ಲಿನ ಅಂಗಡಿಯ ಮಾರಾಟವೊಂದನ್ನೇ ನೋಡಿ ನಿರ್ಧರಿಸಬಾರದು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ 40 ಲಕ್ಷ ರೂಪಾಯಿ ಮತ್ತು ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿಗಳ ಮಿತಿಯಿದೆ. ಈ ಮಿತಿಯನ್ನು ಅಳೆಯುವುದು ಒಂದೇ ಪ್ಯಾನ್‌ನಡಿ ದೇಶಾದ್ಯಂತ ನಡೆದ ಒಟ್ಟು ವಹಿವಾಟಿನಿಂದ, ಮತ್ತು ಅದರಲ್ಲಿ ತೆರಿಗೆ ವಿನಾಯಿತಿ ಪಡೆದ ಮಾರಾಟವೂ ಸೇರುತ್ತದೆ. ಉದಾಹರಣೆಗೆ, 'ಅ' ಎಂಬ ಟ್ರಸ್ಟ್ ಸೊಲ್ಲಾಪುರದಲ್ಲಿ ವರ್ಷಕ್ಕೆ 35 ಲಕ್ಷ ರೂಪಾಯಿಗಳ ಮುದ್ರಿತ ಪುಸ್ತಕಗಳನ್ನು ಮಾತ್ರ ಮಾರುತ್ತದೆ ಎಂದಿಟ್ಟುಕೊಳ್ಳೋಣ. ಮುದ್ರಿತ ಪುಸ್ತಕಗಳಿಗೆ ತೆರಿಗೆಯಿಲ್ಲ. ಅದೇ ಟ್ರಸ್ಟ್ ವಿಜಯಪುರದಲ್ಲಿ ಬೇರೊಂದು ಹೆಸರಿನ ಮಳಿಗೆ ತೆರೆದು, 4.5 ಲಕ್ಷ ರೂಪಾಯಿಗಳ ಪುಸ್ತಕಗಳನ್ನೂ ಅಲ್ಲಿಯೇ ಕೊಂಡ 1.5 ಲಕ್ಷ ರೂಪಾಯಿಗಳ ಊದುಬತ್ತಿಯನ್ನೂ ಮಾರಿತು. ವಿಜಯಪುರದವರ ಲೆಕ್ಕದಲ್ಲಿ ತಮ್ಮದು 6 ಲಕ್ಷದ ಚಿಕ್ಕ ಅಂಗಡಿ. ಕಾನೂನಿನ ಲೆಕ್ಕದಲ್ಲಿ 'ಅ' ಟ್ರಸ್ಟ್‌ನ ಒಟ್ಟು ವಹಿವಾಟು 41 ಲಕ್ಷ. ಊದುಬತ್ತಿ ತೆರಿಗೆಗೆ ಒಳಪಡುವ ಸರಕಾದುದರಿಂದ ಕರ್ನಾಟಕದಲ್ಲಿ ನೋಂದಣಿಯಾಗಬೇಕು. ಊದುಬತ್ತಿಯನ್ನು ಇಡದೆ ಪುಸ್ತಕ ಮಾತ್ರ ಮಾರಿದ್ದರೆ, ಪೂರ್ಣವಾಗಿ ವಿನಾಯಿತಿ ಪಡೆದ ಸರಕಿನ ಮಾರಾಟಗಾರರೆಂಬ ಕಾರಣಕ್ಕೆ ನೋಂದಣಿ ಬೇಕಾಗುತ್ತಿರಲಿಲ್ಲ. ಹೆಸರು ಬೇರೆಯಾದ ಮಾತ್ರಕ್ಕೆ ವಹಿವಾಟು ಬೇರೆಯಾಗುವುದಿಲ್ಲ ಎಂಬುದನ್ನು ಈ ಲೆಕ್ಕದಿಂದ ಕಾಣಬಹುದು.

ತೆರಿಗೆಗೆ ಒಳಪಡುವ ಸರಕನ್ನು ಅಂತರರಾಜ್ಯ ಮಾರಾಟ ಮಾಡುವವರಿಗೆ ಮೇಲ್ಕಂಡ ಮಿತಿ ಅನ್ವಯಿಸುವುದಿಲ್ಲ. ಮೊದಲ ಮಾರಾಟದಿಂದಲೇ ನೋಂದಣಿ ಅಗತ್ಯ. ಅಲ್ಲದೆ ಒಂದೇ ಟ್ರಸ್ಟ್ ಎರಡು ರಾಜ್ಯಗಳಲ್ಲಿ ನೋಂದಣಿ ಪಡೆದಾಗ, ತೆರಿಗೆಯ ಉದ್ದೇಶಕ್ಕಾಗಿ ಅವು ಭಿನ್ನ ವ್ಯಕ್ತಿಗಳೆಂದು ಪರಿಗಣಿತವಾಗುತ್ತವೆ. ಸೊಲ್ಲಾಪುರದಿಂದ ವಿಜಯಪುರಕ್ಕೆ ಹಣ ಪಡೆಯದೆ ಕಳುಹಿಸಿದ ತೆರಿಗೆಯುಕ್ತ ಸರಕಿಗೂ ಬಿಲ್ಲು ಹಾಕಿ ತೆರಿಗೆ ಕಟ್ಟಬೇಕಾಗುತ್ತದೆ. ನಮ್ಮದೇ ಮಾಲು, ನಮ್ಮದೇ ಅಂಗಡಿ ಎಂಬ ವಾದ ಇಲ್ಲಿ ನಿಲ್ಲದು.

ನೋಂದಣಿಗೆ ಹೊಣೆಗಾರರಾದ ದಿನದಿಂದ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಮುಂದೆ ವ್ಯವಹಾರನಾಮ ಬದಲಾದರೆ 15 ದಿನಗಳೊಳಗೆ ಆರ್‌ಇಜಿ-14 ನಮೂನೆಯಲ್ಲಿ ತಿದ್ದುಪಡಿ ಕೋರತಕ್ಕದ್ದು. ಇದಕ್ಕೆ ಅಧಿಕಾರಿಗಳ ಅನುಮೋದನೆ ಬೇಕು. ಪ್ಯಾನ್ ಬದಲಾದರೆ ತಿದ್ದುಪಡಿಗೆ ಅವಕಾಶವಿಲ್ಲ, ಹೊಸ ನೋಂದಣಿಯೇ ಆಗಬೇಕು.

ನಾಮಫಲಕ ಮತ್ತು ಅಕ್ಷರಗಳ ಹೊಂದಾಣಿಕೆ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ಮಾಡಿದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿದ್ದು, ಕನ್ನಡವು ಮೇಲ್ಭಾಗದಲ್ಲಿರಬೇಕು. ಜಿಎಸ್‌ಟಿ ನೋಂದಣಿ ಪಡೆದವರು ಪ್ರವೇಶದ್ವಾರದ ಫಲಕದಲ್ಲಿ ನೋಂದಣಿ ಸಂಖ್ಯೆಯನ್ನು ಪ್ರದರ್ಶಿಸುವುದೂ ಕಡ್ಡಾಯ.

ಕನ್ನಡದಲ್ಲಿ ಬರೆಯುವಾಗ ಟ್ರಸ್ಟ್‌ನ ಹೆಸರನ್ನು ಲಿಪ್ಯಂತರ ಮಾಡಬೇಕೇ ಹೊರತು ಅನುವಾದ ಮಾಡಬಾರದು. 'ಚಾರಿಟಬಲ್ ಟ್ರಸ್ಟ್' ಎಂದು ನೋಂದಣಿಯಾಗಿರುವುದನ್ನು ಫಲಕದಲ್ಲಿ 'ಧರ್ಮಾರ್ಥ ಸಂಸ್ಥೆ' ಎಂದು, ಬಿಲ್ಲಿನಲ್ಲಿ 'ಸೇವಾ ನ್ಯಾಸ' ಎಂದು ಬರೆದರೆ ಭಾಷೆಯ ದೃಷ್ಟಿಯಿಂದ ಚೆನ್ನಾಗಿಯೇ ಇರಬಹುದು. ಆದರೆ ದಾಖಲೆಗಳನ್ನು ಹೋಲಿಸುವ ಬ್ಯಾಂಕಿನ ಸಿಬ್ಬಂದಿಗೆ ಅವು ಮೂರು ಸಂಸ್ಥೆಗಳು. ಮರಾಠಿ, ತಮಿಳು ಹೆಸರುಗಳು ಕನ್ನಡ ಲಿಪಿಗೆ ಬರುವಾಗ ಒತ್ತಕ್ಷರ, ದೀರ್ಘಗಳಲ್ಲಿ ವ್ಯತ್ಯಾಸವಾಗುವುದು ಸಹಜ. ಈ ಕಾರಣಕ್ಕಾಗಿಯೇ ನಿರ್ಣಯದಲ್ಲಿ ಕನ್ನಡ ರೂಪವನ್ನು ಒಮ್ಮೆ ನಿಗದಿಪಡಿಸಬೇಕೆಂದು ಮೇಲೆ ಹೇಳಲಾಗಿದೆ. ಫಲಕದಲ್ಲಿ ವ್ಯವಹಾರನಾಮ ದೊಡ್ಡದಾಗಿದ್ದು, ಅದರ ಕೆಳಗೆ ಇದು ಇಂತಹ ಟ್ರಸ್ಟ್‌ನ ಘಟಕವೆಂಬ ಸಾಲು ಇರುವುದು ಅಪೇಕ್ಷಣೀಯ. ಒಂದು ಸಾಲಿನ ಬಣ್ಣದ ಖರ್ಚಿನಲ್ಲಿ ಗ್ರಾಹಕರಿಗೂ ನೌಕರರಿಗೂ ಮಾಲೀಕರು ಯಾರೆಂದು ತಿಳಿಯುತ್ತದೆ.

ಬ್ಯಾಂಕ್ ಖಾತೆ ಮತ್ತು ದಾನದ ರಸೀದಿ

ಬ್ಯಾಂಕ್ ಖಾತೆಯನ್ನು ಟ್ರಸ್ಟ್‌ನ ಹೆಸರಿನಲ್ಲಿ, ಟ್ರಸ್ಟ್‌ನ ಪ್ಯಾನ್‌ನಡಿ ತೆರೆದು, ಖಾತೆಯ ಶೀರ್ಷಿಕೆಯಲ್ಲಿ ವ್ಯವಹಾರನಾಮವನ್ನೂ ಸೇರಿಸುವಂತೆ ಕೋರಬೇಕು. ಟ್ರಸ್ಟ್ ಪತ್ರ, ನೋಂದಣಿ ಪ್ರಮಾಣಪತ್ರ, ಪ್ಯಾನ್, ನಿರ್ಣಯದ ದೃಢೀಕೃತ ಪ್ರತಿ ಮತ್ತು ವ್ಯವಹಾರನಾಮ ಕಾಣುವ ಮೇಲ್ಕಂಡ ಪ್ರಮಾಣಪತ್ರಗಳನ್ನು ಲಗತ್ತಿಸಬೇಕು. ವ್ಯವಸ್ಥಾಪಕರ ವೈಯಕ್ತಿಕ ಖಾತೆಗೆ ಅಂಗಡಿಯ ಹಣ ಜಮಾ ಮಾಡುವ ಪದ್ಧತಿ, ತಾತ್ಕಾಲಿಕವೆಂದು ಹೇಳಿದರೂ, ಒಪ್ಪತಕ್ಕದ್ದಲ್ಲ. ಮೊಬೈಲ್ ಮೂಲಕ ಹಣ ಪಡೆಯುವ ಕ್ಯೂಆರ್ ಸಂಕೇತಕ್ಕೂ ಈ ಮಾತು ಸಲ್ಲುತ್ತದೆ: ಹಣ ಕಳುಹಿಸುವ ಗ್ರಾಹಕರ ಪರದೆಯಲ್ಲಿ ಯಾರದೋ ಸ್ವಂತ ಹೆಸರು ಕಂಡರೆ ಅವರು ಸಂಶಯಪಡುವುದು ನ್ಯಾಯವೇ.

ಮಾರಾಟದ ಹಣವನ್ನೂ ದಾನದ ಹಣವನ್ನೂ ಒಂದೇ ರಸೀದಿ ಪುಸ್ತಕದಲ್ಲಿ ಬರೆಯಬಾರದು. ಧರ್ಮಾರ್ಥ ಟ್ರಸ್ಟ್ ನಡೆಸುವ ವ್ಯಾಪಾರವು ಅದರ ಉದ್ದೇಶಗಳ ಸಾಧನೆಗೆ ಪೂರಕವಾಗಿದ್ದು, ಅದಕ್ಕೆ ಪ್ರತ್ಯೇಕ ಲೆಕ್ಕಪುಸ್ತಕಗಳಿರಬೇಕೆಂಬುದು ಆದಾಯ ತೆರಿಗೆ ವಿನಾಯಿತಿಯ ಷರತ್ತುಗಳಲ್ಲೊಂದು. ದಾನದ ರಸೀದಿ ಟ್ರಸ್ಟ್‌ನ ನೋಂದಾಯಿತ ಹೆಸರಿನಲ್ಲಿಯೇ ಇರಬೇಕು. ಅಂಗಡಿಯ ಹೆಸರಿನ ರಸೀದಿಯನ್ನು ನಂಬಿ ದಾನ ನೀಡಿದವರು ತೆರಿಗೆ ಕಡಿತ ಕೋರಿದಾಗ, ಆ ಹೆಸರಿಗೆ ಯಾವ ಅನುಮೋದನೆಯೂ ಇಲ್ಲವೆಂಬ ಉತ್ತರ ಬಂದೀತು.

ಹೆಸರಿನ ಮೇಲಿನ ಹಕ್ಕು

ಮೇಲೆ ಹೇಳಿದ ಯಾವ ಪ್ರಮಾಣಪತ್ರವೂ ಹೆಸರಿನ ಮೇಲೆ ಏಕಸ್ವಾಮ್ಯ ನೀಡುವುದಿಲ್ಲ. ಅದೇ ಬೀದಿಯಲ್ಲಿ ಅದೇ ಹೆಸರಿನ ಇನ್ನೊಂದು ಅಂಗಡಿಗೂ ಈ ಎಲ್ಲ ಪ್ರಮಾಣಪತ್ರಗಳು ದೊರೆಯಬಹುದು. ಹೆಸರಿಗೆ ರಕ್ಷಣೆ ಬಯಸುವವರು ವ್ಯಾಪಾರಚಿಹ್ನೆಗಳ ಕಾಯಿದೆ, 1999ರಡಿ ಅರ್ಜಿ ಸಲ್ಲಿಸಬೇಕು. ನೋಂದಣಿಯ ಅವಧಿ 10 ವರ್ಷ, ನವೀಕರಣಕ್ಕೆ ಅವಕಾಶವಿದೆ. ಅರ್ಜಿದಾರರ ಪ್ರಧಾನ ವ್ಯವಹಾರ ಸ್ಥಳವನ್ನನುಸರಿಸಿ ಕಚೇರಿ ನಿರ್ಧಾರವಾಗುವುದರಿಂದ, ಮಹಾರಾಷ್ಟ್ರದಲ್ಲಿ ಪ್ರಧಾನ ಕಚೇರಿಯಿರುವ ಟ್ರಸ್ಟ್‌ನ ಅರ್ಜಿ ಮುಂಬಯಿ ಕಚೇರಿಗೂ, ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೂ ಹೋಗುತ್ತದೆ. ಸದರಿ ಕಾಯಿದೆಯ 6ನೇ ಪ್ರಕರಣದ ಮೇರೆಗೆ ಟ್ರಸ್ಟ್ ಕುರಿತ ಯಾವ ಸೂಚನೆಯನ್ನೂ ಚಿಹ್ನೆಗಳ ನೋಂದಣಿ ಪುಸ್ತಕದಲ್ಲಿ ದಾಖಲಿಸುವಂತಿಲ್ಲವಾದ ಕಾರಣ, ಅರ್ಜಿಯಲ್ಲಿ ಟ್ರಸ್ಟಿಗಳ ಹೆಸರುಗಳಿರುವಂತೆ ನೋಡಿಕೊಳ್ಳಬೇಕು.

ಹೆಸರನ್ನು ಆರಿಸುವ ಮೊದಲು ಲಾಂಛನಗಳು ಮತ್ತು ಹೆಸರುಗಳ (ಅನುಚಿತ ಬಳಕೆ ತಡೆ) ಕಾಯಿದೆ, 1950ರ ಅನುಸೂಚಿಯನ್ನು ನೋಡತಕ್ಕದ್ದು. ಮಹಾತ್ಮ ಗಾಂಧಿ, ಛತ್ರಪತಿ ಶಿವಾಜಿ ಮಹಾರಾಜ್ ಮೊದಲಾದವರ ಹೆಸರುಗಳನ್ನು ಮತ್ತು ಸರ್ಕಾರದ ಆಶ್ರಯವಿದೆಯೆಂದು ಭಾವನೆ ಮೂಡಿಸುವ ಹೆಸರುಗಳನ್ನು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಗೌರವದಿಂದಲೇ ಇಟ್ಟ ಹೆಸರು ಎಂಬುದು ಅನುಮತಿಗೆ ಬದಲಾಗದು.

ಶಾಖೆಯನ್ನು ಮುಚ್ಚುವಾಗ

ಬಾಡಿಗೆ ಕರಾರು ಮುಗಿದೊಡನೆ ಬಾಗಿಲು ಹಾಕಿ ಊರಿಗೆ ಮರಳಿದರೆ ಹೆಸರು ಮುಚ್ಚಿದಂತಾಗುವುದಿಲ್ಲ. ವ್ಯವಹಾರ ನಿಲ್ಲಿಸಿದ 30 ದಿನಗಳೊಳಗೆ ಆರ್‌ಇಜಿ-16 ನಮೂನೆಯಲ್ಲಿ ಜಿಎಸ್‌ಟಿ ನೋಂದಣಿ ರದ್ದತಿಗೆ ಅರ್ಜಿ ಸಲ್ಲಿಸಬೇಕು. ರದ್ದತಿಯ ದಿನಾಂಕ ಅಥವಾ ಆದೇಶದ ದಿನಾಂಕ, ಇವುಗಳಲ್ಲಿ ಯಾವುದು ನಂತರದ್ದೋ ಅದರಿಂದ ಮೂರು ತಿಂಗಳೊಳಗೆ ಅಂತಿಮ ವಿವರಪಟ್ಟಿ ಜಿಎಸ್‌ಟಿಆರ್-10 ಸಲ್ಲಿಸತಕ್ಕದ್ದು. ಉಳಿದಿರುವ ದಾಸ್ತಾನಿನ ಮೇಲೆ ಹಿಂದೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ನಿಯಮಾನುಸಾರ ಮರುಪಾವತಿಸಬೇಕಾಗುತ್ತದೆ. ರದ್ದತಿಗೆ ಹಿಂದಿನ ಬಾಕಿಗಳ ಹೊಣೆ ರದ್ದತಿಯಿಂದ ಕಳೆಯುವುದಿಲ್ಲ. ಕಾರ್ಮಿಕ ಇಲಾಖೆ, ಸ್ಥಳೀಯ ಸಂಸ್ಥೆ ಹಾಗೂ ವೃತ್ತಿ ತೆರಿಗೆ ಕಚೇರಿಗಳಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ನೌಕರರ ಲೆಕ್ಕ ಚುಕ್ತಾ ಮಾಡಿ, ಬ್ಯಾಂಕ್ ಖಾತೆಯನ್ನು ಮುಕ್ತಾಯಗೊಳಿಸಿ, ಬಳಸದೆ ಉಳಿದ ಚೆಕ್ಕುಗಳನ್ನು ಬ್ಯಾಂಕಿಗೆ ಹಿಂದಿರುಗಿಸಿದ ನಂತರ ನಾಮಫಲಕವನ್ನು ಇಳಿಸತಕ್ಕದ್ದು.